ಆಮೆಗೆ ಮೀಸೆ ಬಂದ ಭಾನುವಾರ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುತ್ತಾ ನೀವು ನನ್ನ ಅಮ್ಮನ ಮೇಲೆ, ಠಾಣೆ ಊರಿನ ಒಬ್ಬ ಸಜ್ಜನ ವೃದ್ಧರ ಮೇಲೆ, ಕೊನೆಗೆ ಲೋಕಲ್ ರೈಲಿನ ಮೇಲೂ ಸಂಶಯಪಡುತ್ತೀರಿ. ಅವರೆಲ್ಲ ನಿರಪರಾಧಿಗಳು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಏನಿದೆ ಎಂದು ನೋಡಲು ಎರಡು ಸೆಕೆಂಡು ಸಾಕು. ನನ್ನ ಬಳಿ ಆ ಎರಡು ಸೆಕೆಂಡು ಇರಲಿಲ್ಲ. ಒಂದು ಬಾರಿಯಲ್ಲ, ಎರಡು ಬಾರಿ ಇರಲಿಲ್ಲ!

ನಾನು ಪ್ರಶಾಂತ, ಮನೆಯಲ್ಲಿ ಪಚ್ಚು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಉಡುಪಿಯವನು. ಹಗಲಿಗೆ ಆಫೀಸಿನಲ್ಲಿ ಕೆಲಸ. ಉಳಿದ ಹೊತ್ತು ಬೇರೆಯವರ ದನಿಯಲ್ಲಿ ಮಾತಾಡುವುದು. ನಮ್ಮ ಬಿಲ್ಡಿಂಗಿನ ವಾಚ್‌ಮನ್, ಸತ್ಯನಾರಾಯಣ ಪೂಜೆಗೆ ಬರುವ ಭಟ್ಟರು, ಸ್ಟೇಷನ್ನಿನಲ್ಲಿ ಗಾಡಿಯ ಹೆಸರು ಕೂಗುವ ಹೆಂಗಸು, ಯಾರನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಠಾಕುರ್ಲಿ ಸ್ಟೇಷನ್ನಿನಲ್ಲಿ ನಿಂತು ಆ ಹೆಂಗಸಿನ ದನಿಯಲ್ಲಿ "ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ" ಎಂದು ಮರಾಠಿಯಲ್ಲಿ ಹೇಳಿದ್ದಕ್ಕೆ ನಾಲ್ಕು ಮಂದಿ ಗಡಿಬಿಡಿಯಿಂದ ಸೇತುವೆ ಹತ್ತಿಬಿಟ್ಟರು. ಅವರಲ್ಲೊಬ್ಬರು ನನ್ನ ಅಪ್ಪ.

ಅಪ್ಪ ಠಾಣೆ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲೆಯಲ್ಲಿ, ಅಂದರೆ ದುಡ್ಡಿನ ಮೇಜಿನ ಹಿಂದೆ, ಇಪ್ಪತ್ತೆಂಟು ವರ್ಷಗಳಿಂದ ಕುಳಿತವರು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ನನ್ನ ಮಿಮಿಕ್ರಿಯ ಮುಖ್ಯ ಐಟಂ ಅವರೇ. ಒಂದು ಕಣ್ಣು ಬಿಲ್ಲಿನ ಮೇಲೆ, ಇನ್ನೊಂದು ಸೋಂಪಿನ ತಟ್ಟೆಯ ಮೇಲೆ, ಬಾಯಲ್ಲಿ "ಚಿಲ್ಲರೆ ಉಂಟಾ?" ಸಭೆ ಬಿದ್ದು ಬಿದ್ದು ನಗುತ್ತದೆ. ಅಪ್ಪ ಮಾತ್ರ ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತು ನೋಡುತ್ತಾರೆ. ಮನೆಗೆ ಬಂದ ಮೇಲೆ ವಿಮರ್ಶೆ ಒಂದೇ ವಾಕ್ಯದಲ್ಲಿ ಬರುತ್ತದೆ: "ಸೋಂಪಿನ ತಟ್ಟೆ ನಮ್ಮಲ್ಲಿ ಎಡಗಡೆ ಇರುದು."

ಅಪ್ಪನಿಗೆ ಹಾಸ್ಯವೆಂದರೆ ಅಲರ್ಜಿ ಎಂದು ನಾನು ತೀರ್ಮಾನಿಸಿದ್ದೆ. ಒಂದೇ ಒಂದು ಅಪವಾದವಿತ್ತು. ಅದು ಆಮೆ.

ನಾನು ತೀರಾ ಚಿಕ್ಕವನಿದ್ದಾಗ ಮಸ್ಕತ್ತಿನಿಂದ ಬಂದ ಸೋದರಮಾವ ಒಂದು ಕಾರ್ಟೂನ್ ಚಿತ್ರದ ವಿಡಿಯೊ ಕ್ಯಾಸೆಟ್ ತಂದಿದ್ದರು. ಹುಲ್ಲಿನ ಟೋಪಿ ಹಾಕಿಕೊಂಡು ಸಮುದ್ರ ಹುಡುಕುತ್ತಾ ಹೊರಟ ಒಂದು ಮುದಿ ಆಮೆಯ ಕಥೆ. ಚಿತ್ರ ಇಂಗ್ಲಿಷಿನಲ್ಲಿ, ನಮ್ಮ ಮನೆಯಲ್ಲಿ ಆಗ ಯಾರಿಗೂ ಆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಸೋಮವಾರ ಹೋಟೆಲಿಗೆ ರಜೆ. ಅಂದು ಅಪ್ಪ ಟಿವಿಯ ದನಿ ಪೂರ್ತಿ ಇಳಿಸಿ, ನನ್ನನ್ನು ತೊಡೆಯ ಮೇಲೆ ಕೂರಿಸಿ, ತಾವೇ ಆಮೆಯಾಗುತ್ತಿದ್ದರು. ಕಾಡಿನ ಪ್ರಾಣಿಗಳೆಲ್ಲ ಯಾಕೆ ತಡ, ಯಾಕೆ ತಡ ಎಂದು ಆಮೆಯನ್ನು ಕೇಳುವಾಗ ಅಪ್ಪ ಕತ್ತು ಹೊರಗೆ ಚಾಚಿ, ಮೂಗಿನಿಂದ ರಾಗ ಎಳೆದು ಹೇಳುತ್ತಿದ್ದರು: "ಬಂದೆ ಮಾರಾಯ್ರೇ, ಬಂದೆ... ಬೆನ್ನ ಮೇಲೆ ಮನೆ ಉಂಟಲ್ಲ!"

ಆಮೇಲೆ ಒಂದು ದಿನ ಅದು ನಿಂತಿತು. ಯಾಕೆ ನಿಂತಿತೆಂದು ನಾನು ಕೇಳಲಿಲ್ಲ. ವಿಸಿಆರ್ ಕೆಟ್ಟಿತು, ಗುಜರಿಗೆ ಹೋಯಿತು. ಕ್ಯಾಸೆಟ್ಟಿನ ಡಬ್ಬಿ ಮಾತ್ರ ಅಮ್ಮನ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಉಳಿಯಿತು. ದಪ್ಪ ಬಿಳಿ ಪ್ಲಾಸ್ಟಿಕ್ಕಿನ, ಇಡ್ಲಿಯ ಹಾಗೆ ಉಬ್ಬಿದ ಡಬ್ಬಿ. ಮೇಲೆ ಟೋಪಿಯ ಆಮೆ.

ಈಗ ನೋಡಿ, ಆ ಉಬ್ಬಿದ ಬಿಳಿ ಡಬ್ಬಿಗಳನ್ನು ಜಗತ್ತಿನಲ್ಲಿ ಜನ ಸಂಗ್ರಹಿಸುತ್ತಾರೆ ಎಂಬ ಪರಮಜ್ಞಾನ ನನಗೆ ಮೊಬೈಲಿನಲ್ಲಿ ಲಭಿಸಿತು. ಮೊದಲ ಆವೃತ್ತಿಯೋ ಮರುಮುದ್ರಣವೋ, ಮೂಲೆ ಒಡೆದಿದೆಯೋ ಇಲ್ಲವೋ, ಮುಖಚಿತ್ರ ಬಿಸಿಲಿಗೆ ಮಾಸಿದೆಯೋ ಎಂದು ಹುಡುಗಿ ನೋಡಲು ಹೋದವರಂತೆ ಚರ್ಚಿಸುವ ಒಂದು ಗುಂಪೇ ಇತ್ತು. ನಾನು ಅಮ್ಮ ಮಾರ್ಕೆಟ್ಟಿಗೆ ಹೋದಾಗ ಕಪಾಟಿನಿಂದ ಡಬ್ಬಿ ತೆಗೆದು, ಎದುರಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ಹೊಡೆದು ಆ ಗುಂಪಿಗೆ ಹಾಕಿದೆ. ಒಳಗಿನದ್ದರ ಫೋಟೊ? ಒಳಗೆ ಕ್ಯಾಸೆಟ್ ಅಲ್ಲದೆ ಇನ್ನೇನು ಇರುತ್ತದೆ!

ಹತ್ತು ನಿಮಿಷದಲ್ಲಿ ಉತ್ತರ ಬಂತು. ಮಾಜಿವಾಡಾದ ಸಾಠೆ ಕಾಕಾ. ಒಂದು ಕಾಲದಲ್ಲಿ ಠಾಣೆಯಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಲೈಬ್ರರಿ ಇಟ್ಟಿದ್ದವರು. ಅಂಗಡಿ ಮುಚ್ಚುವಾಗ ಎಲ್ಲವನ್ನೂ ಗುಜರಿಗೆ ಕೊಟ್ಟು, ಆಮೇಲೆ ನಿದ್ದೆಗೆಟ್ಟು, ಈಗ ಎಪ್ಪತ್ತರ ವಯಸ್ಸಿನಲ್ಲಿ ಅದೇ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹುಡುಕಿ ತರುತ್ತಿದ್ದರು. "ಆ ಆಮೆಯೊಂದು ಸಿಕ್ಕಿಲ್ಲ ಮಗಾ," ಎಂದರು ಫೋನಿನಲ್ಲಿ, ಮರಾಠಿಯಲ್ಲಿ. "ನನ್ನ ಹತ್ತಿರ ಎರಡು ವಿಸಿಆರ್ ಇವೆ. ಒಂದು ನಿನಗೆ. ಆಮೆ ನನಗೆ."

ಇಲ್ಲಿ ನನ್ನ ಮೆದುಳು ಅತ್ಯಂತ ವೇಗವಾಗಿ, ಅತ್ಯಂತ ತಪ್ಪಾಗಿ ಓಡಿತು. ಮುಂದಿನ ವಾರ ಅಪ್ಪ ಅಮ್ಮನ ಮದುವೆಗೆ ಮೂವತ್ತು ವರ್ಷ. ಅವರ ಮದುವೆಯ ಕ್ಯಾಸೆಟ್ ಮನೆಯಲ್ಲಿದೆ, ನೋಡಲು ವಿಸಿಆರ್ ಇಲ್ಲ. ಆಮೆಯನ್ನು ಕೊಟ್ಟರೆ ಮದುವೆ ಸಿಗುತ್ತದೆ! ಶನಿವಾರ ಮಾಜಿವಾಡಾಕ್ಕೆ ಹೋಗಿ ಡಬ್ಬಿ ಕೊಟ್ಟೆ. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯುದ್ದದ ಶೆಲ್ಫಿನಲ್ಲಿ ಖಾಲಿ ಬಿಟ್ಟಿದ್ದ ಒಂದೇ ಒಂದು ಸಂದಿಯಲ್ಲಿ ನಿಲ್ಲಿಸಿದರು. ಆ ಸಂದಿಯಲ್ಲಿ ಒಂದು ಚೀಟಿ ಅಂಟಿಸಿತ್ತು: 'ಕಾಸವ್', ಅಂದರೆ ಆಮೆ. ಚೀಟಿಯನ್ನು ಕಿತ್ತು ಅವರು ಜೇಬಿಗೆ ಹಾಕಿಕೊಂಡರು.

"ಈಗ ಬಿಚ್ಚುವುದಿಲ್ಲ," ಎಂದರು. "ನಾಳೆ ನಾಲ್ಕು ಗಂಟೆಗೆ ನಮ್ಮ ಬಿಲ್ಡಿಂಗ್ ಸೊಸೈಟಿಯ ಮಕ್ಕಳಿಗೆಲ್ಲ ಹಾಲ್‌ನಲ್ಲಿ ತೋರಿಸುತ್ತೇನೆ. ಅವರ ಎದುರಿಗೇ ಬಿಚ್ಚುತ್ತೇನೆ."

ನಾನು ವಿಸಿಆರನ್ನು ಎದೆಗವಚಿ, ಲೋಕಲಿನಲ್ಲಿ ಮೂರು ಜನರ ಬೆನ್ನಿಗೆ ತಾಗಿಸಿ, ನಾಲ್ಕನೆಯವರಿಂದ ಬೈಸಿಕೊಂಡು ಮನೆ ತಲುಪಿದೆ. ಅಪ್ಪ ಇನ್ನೂ ಹೋಟೆಲಿನಲ್ಲಿದ್ದರು. ಅಮ್ಮ ಅಡುಗೆಮನೆಯಲ್ಲಿ ಇಡ್ಲಿಗೆ ಉದ್ದು ರುಬ್ಬುತ್ತಿದ್ದಳು. ಗ್ರೈಂಡರಿನ ಸದ್ದಿನ ಮೇಲೆ ನಾನು ನನ್ನ ಸಾಧನೆಯನ್ನು ಕೂಗಿ ಹೇಳಿದೆ.

ಅಮ್ಮ ಮೊದಲು ನಕ್ಕಳು. "ತೆಂಗಿನಕಾಯಿ ಕೊಟ್ಟು ತುರಿಮಣೆ ತಂದಿದ್ದಿ! ಯಾವ ಕ್ಯಾಸೆಟ್ ಕೊಟ್ಟದ್ದು?"

"ಆಮೆಯದ್ದು."

ಗ್ರೈಂಡರ್ ನಿಂತಿತು. ಅಮ್ಮ ಹಿಟ್ಟಿನ ಕೈಯನ್ನು ಮೇಲೆತ್ತಿ ಹಿಡಿದು ನನ್ನನ್ನು ನೋಡಿದಳು.

"ಆ ಬಿಳಿ ಡಬ್ಬಿಯಾ? ಸೀರೆಯ ಕೆಳಗೆ ಇದ್ದದ್ದಾ?"

"ಹೌದು."

"ಅಯ್ಯೋ ಕೋಡಂಗಿ! ಅದರಲ್ಲಿ ಆಮೆ ಇಲ್ಲ. ನಿನ್ನ ಅಪ್ಪ ಇದ್ದಾರೆ!"

ನಮ್ಮ ಮನೆಯ ಒಂದು ಮೂಲಭೂತ ನಿಯಮವನ್ನು ನಾನು ಮರೆತಿದ್ದೆ. ನಮ್ಮಲ್ಲಿ ಯಾವ ಡಬ್ಬಿಯಲ್ಲೂ ಅದರ ಮೇಲೆ ಬರೆದದ್ದು ಇರುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ. ಐಸ್‌ಕ್ರೀಮಿನ ಡಬ್ಬಿಯಲ್ಲಿ ಕರಿಬೇವು. ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತೆ. ಇಂಥ ಮನೆಯಲ್ಲಿ ಹುಟ್ಟಿ, ಇಪ್ಪತ್ತಾರು ವರ್ಷ ಉಂಡು, ಆಮೆಯ ಚಿತ್ರವಿದ್ದ ಡಬ್ಬಿಯಲ್ಲಿ ಆಮೆಯೇ ಇದೆಯೆಂದು ನಂಬಿದವನನ್ನು ಕೋಡಂಗಿ ಎನ್ನದೆ ಇನ್ನೇನೆನ್ನುವುದು!

ಅಮ್ಮ ಕೈ ತೊಳೆದು ಬಂದು ಕುಳಿತು ಹೇಳಿದಳು. ನನಗೆ ನಾಲ್ಕು ವರ್ಷವಾಗಿದ್ದಾಗ ಸಂಘದವರು ಯಕ್ಷಗಾನ ಆಡಿದ್ದರಂತೆ. ಅಪ್ಪನಿಗೆ ದೂತನ ವೇಷ, ಹಾಸ್ಯದ ಪಾತ್ರ. ಆರು ತಿಂಗಳು ಸೋಮವಾರ ಸೋಮವಾರ ಅಭ್ಯಾಸ. ರಂಗದ ಮೇಲೆ ಹೋದದ್ದೇ ಮಾತು ಮರೆತುಹೋಯಿತು. ಮರೆತದ್ದು ಮಾತ್ರವಲ್ಲ, ಏನೋ ಅಸಂಬದ್ಧ ಹೇಳಿಬಿಟ್ಟರು. ಆಟ ಮುಗಿದ ಮೇಲೆ ಭಾಗವತರು ಎಲ್ಲರೆದುರು, "ಇದು ಆಟವೋ, ಮಕ್ಕಳಾಟವೋ?" ಎಂದು ಬೈದರು. ಅಪ್ಪ ಮತ್ತೆ ರಂಗ ಹತ್ತಲಿಲ್ಲ. ಸಂಘದವರು ಕೊಟ್ಟ ಅದರ ಕ್ಯಾಸೆಟ್ಟನ್ನು ಎಸೆಯಲು ಹೇಳಿದರು.

"ನಾನು ಎಸೆದೆ ಅಂತ ಹೇಳಿದೆ," ಎಂದಳು ಅಮ್ಮ. "ಎಸೆಯುದು ಹೇಗೆ? ಅದೊಂದರಲ್ಲೇ ಅವರು ಅಷ್ಟು ಚಂದ ಕಾಣುದು. ಆಮೆಯ ಡಬ್ಬಿಯಲ್ಲಿ ಹಾಕಿ ಇಟ್ಟೆ. ಇಪ್ಪತ್ತೆರಡು ವರ್ಷ ಇಟ್ಟೆ ಮಗ. ನೀನು ಒಂದು ಶನಿವಾರದಲ್ಲಿ ಕೊಟ್ಟು ಬಂದಿ."

ಅಮ್ಮನ ಕಣ್ಣು ತುಂಬಿತ್ತು. ಅವಳ ಅಳುವನ್ನು ಅನುಕರಿಸಿ ಅವಳನ್ನೇ ನಗಿಸುವುದು ನನ್ನ ಹಳೆಯ ಉಪಾಯ. ಅಂದು ದನಿ ಬರಲಿಲ್ಲ.

"ನಾಳೆಯೇ ತರ್ತೇನೆ ಅಮ್ಮ. ನಿಜವಾದ ಆಮೆ ಎಲ್ಲಿ?"

"ಮಿಠಾಯಿ ಡಬ್ಬಿಯಲ್ಲಿ," ಎಂದಳು ಅಮ್ಮ, ಅದಲ್ಲದೆ ಇನ್ನೆಲ್ಲಿ ಎಂಬಂತೆ.

ಸಾಠೆ ಕಾಕಾನಿಗೆ ಆಗಲೇ ಫೋನ್ ಮಾಡಿ ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ವಿಸಿಆರ್ ವಾಪಸ್ ಕೇಳಿದರೆ? ಅದಕ್ಕಿಂತ ಹೆಚ್ಚಾಗಿ, ಆ ಚೀಟಿ ಮತ್ತೆ ಜೇಬಿನಿಂದ ಹೊರಗೆ ಬಂದರೆ? ಹಾಗಾಗಿ ನಾನು ಒಂದು ಗುಪ್ತ ಯೋಜನೆ ಹಾಕಿದೆ. ಭಾನುವಾರ ಮೂರು ಗಂಟೆಗೇ ತಲುಪುವುದು. ಕಾಕಾ ಚಹಾ ಮಾಡಲು ಒಳಗೆ ಹೋದಾಗ ಅಪ್ಪನನ್ನು ತೆಗೆದು ಆಮೆಯನ್ನು ಇಡುವುದು. ಯಾರಿಗೂ ತಿಳಿಯದು!

ಭಾನುವಾರ ಊಟವಾದದ್ದೇ ಅಡುಗೆಮನೆಯ ಮೇಲಿನ ಹಲಗೆಯಿಂದ ತಗಡಿನ ಮಿಠಾಯಿ ಡಬ್ಬಿ ಎಳೆದು ಚೀಲಕ್ಕೆ ಹಾಕಿ ಓಡಿದೆ. ಅಪ್ಪ ಹಜಾರದಲ್ಲಿ ಬನಿಯನ್ನಿನಲ್ಲಿ ಕುಳಿತು ಹೋಟೆಲಿಗೆ ಹೊರಡುವ ಮೊದಲಿನ ಅರ್ಧ ಗಂಟೆಯ ನಿದ್ದೆ ಮಾಡುತ್ತಿದ್ದರು. ಭಾನುವಾರ ರೈಲು ಹಳಿಯ ರಿಪೇರಿ ಇರುತ್ತದೆಂದು ಡೊಂಬಿವಲಿಯ ಹಸುಗೂಸಿಗೂ ಗೊತ್ತು. ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ ಅದನ್ನು ನೂರು ಸಲ ಹೇಳಿ ಜನರನ್ನು ಗೋಳು ಹೊಯ್ದುಕೊಂಡವನು ನಾನೇ. ನಿಜವಾದ ಹೆಂಗಸು ನಿಜವಾಗಿ ಹೇಳಿದಾಗ ನಾನೇ ಮರೆತಿದ್ದೆ. ನನ್ನ ಗಾಡಿ ಮುಂಬ್ರಾದ ಹತ್ತಿರ ನಿಂತು ಧ್ಯಾನ ಮಾಡಿತು.

ನಾಲ್ಕೂ ಹತ್ತಕ್ಕೆ ನಾನಿನ್ನೂ ಠಾಣೆಯಿಂದ ಮಾಜಿವಾಡಾಕ್ಕೆ ಹೋಗುವ ರಿಕ್ಷಾದಲ್ಲಿದ್ದೆ. ಫೋನ್ ಬಂತು. ಹಿಂದಿನಿಂದ ಚೆಂಡೆಯ ಸದ್ದು, ಮಕ್ಕಳ ಗಲಾಟೆ.

"ಅರೇ ಪ್ರಶಾಂತ್!" ಸಾಠೆ ಕಾಕಾ ಕೂಗುತ್ತಿದ್ದರು. "ತುಝ್ಯಾ ಕಾಸವಾಲಾ ಮಿಶಾ ಆಹೇತ್ ರೇ!"

ನಿನ್ನ ಆಮೆಗೆ ಮೀಸೆ ಉಂಟಲ್ಲೋ! ಎಂದು ಅದರ ಅರ್ಥ.

ನಾನು ಸೊಸೈಟಿಯ ಹಾಲ್‌ಗೆ ನುಗ್ಗಿದಾಗ ಇಪ್ಪತ್ತೈದು ಮಕ್ಕಳು ಚಾಪೆಯ ಮೇಲೆ ಕುಳಿತು ದೊಡ್ಡ ಟಿವಿಯಲ್ಲಿ ಯಕ್ಷಗಾನ ನೋಡುತ್ತಿದ್ದರು. ಒಂದು ಶಬ್ದವೂ ಅರ್ಥವಾಗದಿದ್ದರೂ ಯಾರೂ ಏಳುತ್ತಿರಲಿಲ್ಲ. ಕಿರೀಟ ತೊಟ್ಟ ರಾಜ ಕುಣಿಯುವಾಗ ಇಬ್ಬರು ಹುಡುಗರು ಎದ್ದು ಹಾಗೆಯೇ ಕುಣಿಯುತ್ತಿದ್ದರು. ಕಾಕಾ ಮಾತ್ರ ಖಾಲಿ ಬಿಳಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕುಳಿತಿದ್ದರು.

"ಕಾಕಾ, ಕ್ಷಮಿಸಿ, ಡಬ್ಬಿ ಬದಲಾಗಿತ್ತು. ಅಸಲಿ ಆಮೆ ಇಲ್ಲಿದೆ!" ಎಂದು ನಾನು ಚೀಲದಿಂದ ಮಿಠಾಯಿ ಡಬ್ಬಿಯನ್ನು ಜಾದೂಗಾರನಂತೆ ಹೊರತೆಗೆದು, ಎಲ್ಲರೆದುರು ಮುಚ್ಚಳ ಬಿಚ್ಚಿದೆ.

ಹಪ್ಪಳ.

ಹಲಸಿನ ಹಪ್ಪಳ. ಸುಮಾರು ಮೂರು ಡಜನ್. ನನ್ನ ದುರದೃಷ್ಟಕ್ಕೆ ಎಂದೋ ಒಂದು ದೀಪಾವಳಿಗೆ ಅಪ್ಪನ ಹೋಟೆಲಿನವರು ಕೊಟ್ಟದ್ದು ಒಂದಲ್ಲ, ಒಂದೇ ಥರದ ಎರಡು ಡಬ್ಬಿ!

ಕಾಕಾ ಒಂದು ಹಪ್ಪಳವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇದನ್ನು ವಿಸಿಆರಿಗೆ ಹಾಕುವುದು ಹೇಗೆ?" ಎಂದು ಬಹಳ ಸೌಜನ್ಯದಿಂದ ಕೇಳಿದರು. ಅಷ್ಟರಲ್ಲಿ ಅಮ್ಮನ ಫೋನ್.

"ಪಚ್ಚೂ, ಆಗಿಂದ ನಿನ್ನ ಫೋನೇ ಸಿಗುದಿಲ್ಲ! ನೀನು ಹಪ್ಪಳ ತಕೊಂಡು ಹೋಗಿದ್ದಿ!"

"ಗೊತ್ತಾಯ್ತು ಅಮ್ಮ."

"ಆಮೆಯ ಡಬ್ಬಿಯನ್ನು ಆಗಲೇ ಅಪ್ಪನ ಕೈಯಲ್ಲಿ ಕಳಿಸಿದ್ದೇನೆ. ಹೇಗೂ ಠಾಣೆಗೆ ಹೋಗುವವರಲ್ಲ. ಪಚ್ಚುವಿನ ಗುರ್ತದವರಿಗೆ ಹಲ್ವ ಅಂತ ಹೇಳಿದ್ದೇನೆ. ನೀನು ಗೇಟಿನಲ್ಲೇ ತಕೋ, ಅವರನ್ನು ಒಳಗೆ ಬಿಡಬೇಡ ಆಯ್ತಾ? ಒಳಗೆ ಬಿಡಬೇಡ!"

ನಾನು ತಿರುಗಿ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ತಗಡಿನ ಡಬ್ಬಿ. ಅಪ್ಪ ಬಾಗಿಲಲ್ಲಿ ನಿಂತಿದ್ದರು.

ಅವರು ನನ್ನನ್ನು ನೋಡುತ್ತಿರಲಿಲ್ಲ. ಟಿವಿಯಲ್ಲಿ ದೂತ ಬಂದಿದ್ದ. ಕರಿ ಮೀಸೆ ಬರೆದುಕೊಂಡ, ಕೆಂಪು ಮುಂಡಾಸಿನ, ತೆಳ್ಳಗಿನ, ನನಗಿಂತ ಸ್ವಲ್ಪವೇ ದೊಡ್ಡ ವಯಸ್ಸಿನ ಅಪ್ಪ. ಎರಡು ಸುತ್ತು ಚಂದಕ್ಕೆ ಕುಣಿದು ರಾಜನೆದುರು ಕೈಮುಗಿದು ನಿಂತರು. ಚೆಂಡೆ ನಿಂತಿತು.

"ಎಲೈ ದೂತನೇ, ಬರಲು ಇಷ್ಟೇಕೆ ತಡವಾಯಿತು?" ಎಂದ ರಾಜ.

ದೂತ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ಕ್ಯಾಸೆಟ್ಟಿನ ಸುಯ್ ಎನ್ನುವ ಸದ್ದು ಮಾತ್ರ. ನಾನು ವಿಸಿಆರ್ ಆರಿಸಲು ಓಡಬೇಕಿತ್ತು, ಹಪ್ಪಳದ ಡಬ್ಬಿಗೆ ಮುಚ್ಚಳ ಹಾಕುತ್ತಾ ನಿಂತೆ.

ಆಗ ಬಾಗಿಲ ಕಡೆಯಿಂದ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ ಅಪ್ಪನ ದನಿ ಬಂತು. "ಮಹಾರಾಜಾ, ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ."

ಇಪ್ಪತ್ತೆರಡು ವರ್ಷ ತಡವಾಗಿ ಆ ಮಾತು ನೆನಪಾಗಿತ್ತು! ಆದರೆ ಟಿವಿಯ ದೂತನಿಗೆ ಅದು ಕೇಳಿಸಲಿಲ್ಲ. ಅವನು ನಿಂತೇ ಇದ್ದ. ಅಷ್ಟರಲ್ಲಿ ಟಿವಿಯೊಳಗೆ, ಸಭೆಯ ಕತ್ತಲಿನಿಂದ ಒಂದು ಮಗು ಗಂಟಲು ಹರಿಯುವಂತೆ ಕಿರುಚಿತು: "ಅಪ್ಪಾ! ಆಮೆ ಮಾಡಿ! ಆಮೆ!"

ಜಗತ್ತಿನ ಎಲ್ಲರ ದನಿಯನ್ನೂ ಗುರುತಿಸುವ ನನಗೆ ಆ ದನಿ ಯಾರದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದು ನನ್ನದು.

ದೂತ ಆ ಕಡೆ ನೋಡಿದ. ಅವನ ಮುಖ ಸಡಿಲವಾಯಿತು. ಮೆಲ್ಲಗೆ ಕತ್ತು ಹೊರಗೆ ಚಾಚಿ, ಮೂಗಿನಿಂದ ರಾಗ ಎಳೆದು ರಾಜನಿಗೆ ಹೇಳಿದ: "ಬಂದೆ ಮಾರಾಯ್ರೇ, ಬಂದೆ... ಬೆನ್ನ ಮೇಲೆ ಮನೆ ಉಂಟಲ್ಲ!"

ಟಿವಿಯೊಳಗಿನ ಸಭೆ ಸ್ಫೋಟಿಸಿತು. ರಾಜನೇ ನಕ್ಕ ರಭಸಕ್ಕೆ ಅವನ ಕಿರೀಟ ಕಿವಿಯ ಮೇಲೆ ಜಾರಿತು. ಮಾಜಿವಾಡಾದ ಇಪ್ಪತ್ತೈದು ಮಕ್ಕಳೂ ಚಾಪೆಯ ಮೇಲೆ ಉರುಳಾಡಿದರು. "ಪುನ್ಹಾ! ಪುನ್ಹಾ!" ಎಂದು ಕೂಗಿದರು. ಮತ್ತೊಮ್ಮೆ, ಮತ್ತೊಮ್ಮೆ! ಕಾಕಾ ಮೂರು ಬಾರಿ ಹಿಂದಕ್ಕೆ ತಿರುಗಿಸಿ ಹಾಕಿದರು. ನಾನು ಅಪ್ಪನ ಮುಖ ನೋಡುವ ಧೈರ್ಯವಿಲ್ಲದೆ ಹಪ್ಪಳ ನೋಡುತ್ತಾ ನಿಂತಿದ್ದೆ.

ಮೂರನೆಯ ಬಾರಿ ಅಪ್ಪ ಬಂದು ನನ್ನ ಪಕ್ಕ ನಿಂತರು. "ಜನ ಇಷ್ಟು ನಗಾಡಿದ್ದು ನನಗೆ ಗೊತ್ತೇ ಇಲ್ಲ ಮಾರಾಯ," ಎಂದರು. "ನನಗೆ ಭಾಗವತರ ಮುಖ ಮಾತ್ರ ಕಂಡದ್ದು." ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟರು. "ಹಲ್ವ ಅಂತೆ. ಅಲ್ಲಾಡಿಸಿದರೆ ಟಕಟಕ ಅನ್ನುವ ಹಲ್ವ."

ಈ ಬಾರಿ ನಾನು ಮುಚ್ಚಳ ತೆಗೆದು ನೋಡಿದೆ. ಆಮೆ ಇತ್ತು.

ಕಾಕಾ ಅದನ್ನು ಹಾಕಿದರು. ಚಿತ್ರ ಬಂತು, ಟೋಪಿ ಬಂತು, ಸಮುದ್ರಕ್ಕೆ ಹೋಗುವ ದಾರಿಯೂ ಬಂತು. ದನಿ ಬರಲಿಲ್ಲ. ಹಪ್ಪಳದ ಪಕ್ಕದಲ್ಲಿ ಇಪ್ಪತ್ತು ಮಳೆಗಾಲ ಕಳೆದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಕಾಕಾನ ಮುಖ ಬಾಡಿತು. ಆದರೆ ನನ್ನ ಮುಖ ಅರಳಿತು. ಇದು ನನ್ನ ಕ್ಷೇತ್ರ! ಸಂಘದ ಸುಪ್ರಸಿದ್ಧ ಅನುಕರಣ ಕಲಾವಿದನ ಎದುರು ದನಿಯಿಲ್ಲದ ಆಮೆ! ನಾನು ಗಂಟಲು ಸರಿಪಡಿಸಿ, ಟಿವಿಯ ಪಕ್ಕ ನಿಂತು, ಹಿಂದಿಯಲ್ಲಿ, ಮರಾಠಿಯಲ್ಲಿ, ನನ್ನ ಸಮಸ್ತ ಪ್ರತಿಭೆಯನ್ನೂ ಸುರಿದು ಆಮೆಯಾದೆ.

ಎರಡು ನಿಮಿಷ ಯಾರೂ ನಗಲಿಲ್ಲ. ಎದುರು ಕುಳಿತಿದ್ದ, ಎರಡು ಜುಟ್ಟಿನ ಒಂದು ಚಿಕ್ಕ ಹುಡುಗಿ ಬೆರಳೆತ್ತಿದಳು.

"ಭೈಯಾ, ಆಪ್ ನಹೀ," ಎಂದಳು. ಆ ಬೆರಳು ನನ್ನನ್ನು ದಾಟಿ ಅಪ್ಪನ ಕಡೆ ಹೋಯಿತು. "ವೋ ಅಂಕಲ್. ಅಸಲಿ ವಾಲೇ." ನಾನಲ್ಲ, ಆ ಅಂಕಲ್, ಅಸಲಿಯವರು!

ಅಪ್ಪ ಗಡಿಯಾರ ನೋಡಿಕೊಂಡರು. ಗಲ್ಲೆಗೆ ಹೋಗಲು ಆಗಲೇ ತಡವಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿ. ಹೋಟೆಲಿಗೆ ಫೋನ್ ಮಾಡಿ "ಸ್ವಲ್ಪ ಕೆಲಸ ಉಂಟು" ಎಂದರು. ಪ್ಲಾಸ್ಟಿಕ್ ಕುರ್ಚಿ ಎಳೆದು ಕುಳಿತರು. ಕತ್ತು ಹೊರಗೆ ಚಾಚಿದರು.

ನಾನು ಚಾಪೆಯ ಮೇಲೆ, ಆ ಹುಡುಗಿಯ ಪಕ್ಕ ಕುಳಿತು ನೋಡಿದೆ. ಆಮೆ ಪೂರ್ತಿ ಕನ್ನಡದಲ್ಲೇ ಮಾತಾಡಿತು. ಯಾರಿಗೂ ಅರ್ಥವಾಗಲಿಲ್ಲ. ಯಾರೂ ಏಳಲಿಲ್ಲ.

ಹೊರಡುವಾಗ ಕಾಕಾ ಆಮೆಯನ್ನು ಅದರ ಬಿಳಿ ಡಬ್ಬಿಯಲ್ಲಿ ಇಟ್ಟು, ದೂತನ ಕ್ಯಾಸೆಟ್ಟನ್ನು ನನಗೆ ಮರಳಿಸಿದರು. ದನಿಯಿಲ್ಲದ ಆಮೆಗೆ ವಿಸಿಆರ್ ಹೆಚ್ಚಾಯಿತೇನೋ ಎಂದು ನಾನು ರಾಗ ಎಳೆದೆ. "ವಿಸಿಆರ್ ಇರಲಿ," ಎಂದರು ಅವರು. "ಹಪ್ಪಳ ಬಿಟ್ಟು ಹೋಗು." ಅಪ್ಪನ ವೇಷದ ಕ್ಯಾಸೆಟ್ ಮಿಠಾಯಿ ಡಬ್ಬಿಯೊಳಗೆ ಸೇರಿತು. ನಮ್ಮ ಮನೆಯ ನಿಯಮ ಮುರಿಯಲಿಲ್ಲ.

ಸ್ಟೇಷನ್ ಕಡೆಗಿನ ರಿಕ್ಷಾದಲ್ಲಿ ಅಪ್ಪ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಎಸೆಯುವ ಮಾತು ಬರಲಿಲ್ಲ. ಹೈವೇಯ ಸಿಗ್ನಲಿನಲ್ಲಿ ರಿಕ್ಷಾ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಅಪ್ಪ, ನನಗಿಂತ ಎಷ್ಟೋ ಚಂದ ಮಾಡ್ತೀರಿ. ಒಂದು ದಿನ ಯಾರೋ ಬೈದರು ಅಂತ ಬಿಟ್ಟುಬಿಡುದಾ? ನಾನು ಕೂಗಿದ್ದರಿಂದಲೇ ಆದದ್ದಲ್ವಾ? ನಿಮ್ಮ ವೇಷ ಹಾಳು ಮಾಡಿದವನು ನಾನೇ ಅಲ್ವಾ?"

ಸಿಗ್ನಲ್ ಹಸಿರಾಯಿತು. ಅಪ್ಪ ಡಬ್ಬಿಯ ಮೇಲೆ ಎರಡು ಬಾರಿ ತಾಳ ತಟ್ಟಿ ಹೇಳಿದರು:

"ಅವತ್ತೇ ಗೊತ್ತಾಯ್ತು ನೀನು ಎಂತ ಆಗ್ತಿ ಅಂತ. ಒಂದೇ ಮನೆಯಲ್ಲಿ ಇಬ್ಬರು ಕೋಡಂಗಿಗಳಾದರೆ ಗಲ್ಲೆಯಲ್ಲಿ ಕೂರುದು ಯಾರು ಮಾರಾಯ?"